ನಾಲ್ಕು ಹಾರ್ಡ್ ಡಿಸ್ಕ್‌ನಲ್ಲಿ ಚದುರಿದ ಫೋಟೋಗಳನ್ನು ಹೇಗೆ ಜೋಡಿಸಿಡಲಿ?

ನಾಲ್ಕು ಡಿಸ್ಕ್ ಇವೆ, ಯಾವುದರಲ್ಲಿ ಏನಿದೆ ಗೊತ್ತಿಲ್ಲ, ಲೈಟ್‌ರೂಮ್ (ಫೋಟೋ ಜೋಡಿಸಿ ತಿದ್ದೋ ಸಾಫ್ಟ್‌ವೇರ್) ತೆರೆದರೆ ಫೋಲ್ಡರ್‌ಗಳ ಮೇಲೆಲ್ಲ ಪ್ರಶ್ನಾರ್ಥಕ ಚಿಹ್ನೆ, ಹೊಸ 4 ಟಿಬಿ ಡಿಸ್ಕ್ ತಂದಿದ್ದೀನಿ, ಎಲ್ಲ ಅದಕ್ಕೆ ಸುರಿದುಬಿಡಲಾ ಅಂತ ಕೇಳಿದ್ದೀರಿ. ಸುರಿಯಬೇಡಿ, ಸ್ವಲ್ಪ ತಡೆಯಿರಿ.

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ, ಸೀಮಂತ, ಜನವರಿ ಬಂತೆಂದರೆ ಗವಿಮಠದ ಜಾತ್ರೆ. ಎರಡು ವರ್ಷದ ಹಿಂದೆ ಗಂಗಾವತಿ ಕಡೆಯವರೊಬ್ಬರು ಬಂದು, "ಅಪ್ಪ ತೀರಿಕೊಂಡ್ರು. ತಂಗಿ ಮದುವೆಯಲ್ಲಿ ಪಟಗ ಸುತ್ತಿಕೊಂಡು ನಕ್ಕಿದ್ದ ಫೋಟೋ ಇತ್ತಲ್ಲ, ಅದನ್ನ ದೊಡ್ಡದು ಮಾಡಿಕೊಡ್ರಿ" ಅಂದರು. ಹುಡುಕಿದರೆ 'ಮದುವೆ ನ್ಯೂ', 'ಮದುವೆ ನ್ಯೂ ಫೈನಲ್', 'ಕಾರ್ಡ್ 2' ಅಂತ ಮೂರು ಡಿಸ್ಕ್‌ನಲ್ಲೂ ಫೋಲ್ಡರ್. ಅವರು ಎರಡು ಸಲ ಚಹಾ ಕುಡಿದು ಊರಿಗೆ ಹೋದರು. ರಾತ್ರಿ ಸಿಕ್ಕಿತು, ಅದೂ ವಾಟ್ಸ್‌ಆ್ಯಪ್‌ಗೆಂದು ಚಿಕ್ಕದು ಮಾಡಿದ ಕಾಪಿ. ಫ್ರೇಮ್ ಹಾಕಿದಾಗ ಮೀಸೆ ಮಸುಕು ಮಸುಕು. ಪಾಪ, ಏನೂ ಅನ್ನದೆ ದುಡ್ಡು ಕೊಟ್ಟು ಹೋದರು. ಬೈದಿದ್ದರೆ ವಾಸಿ ಇತ್ತು.

ಈಗ ನಿಮ್ಮ ವಿಷಯ. ಲೈಟ್‌ರೂಮ್ ಕ್ಲಾಸಿಕ್ ಫೋಟೋವನ್ನು ತನ್ನೊಳಗೆ ಇಟ್ಟುಕೊಳ್ಳೋದಿಲ್ಲ. ಅದರ ಕ್ಯಾಟಲಾಗ್ ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಯಾವ ಫೋಟೋ ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ, ಏನು ಎಡಿಟ್ ಆಗಿದೆ, ಅಷ್ಟೇ ಅದರಲ್ಲಿರೋದು. ನೀವು ಹೊರಗಿನಿಂದ ಫೋಲ್ಡರ್ ಸರಿಸಿದರೆ ಅಥವಾ ಹೆಸರು ಬದಲಿಸಿದರೆ ವಿಳಾಸ ತಪ್ಪುತ್ತೆ, ಆಗಲೇ ಆ ಪ್ರಶ್ನಾರ್ಥಕ ಚಿಹ್ನೆ ಬರೋದು. ವಿಂಡೋಸ್‌ನಲ್ಲಿ ಇನ್ನೊಂದು ಕಾಟ ಇದೆ. ಪೆನ್ ಡ್ರೈವ್ ಮೊದಲು ಚುಚ್ಚಿದಿರಿ ಅಂದರೆ ನಿನ್ನೆ 'ಇ' ಆಗಿದ್ದ ಡಿಸ್ಕ್ ಇವತ್ತು 'ಎಫ್' ಆಗಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪ್ರತಿ ಡಿಸ್ಕ್‌ಗೂ ಒಂದು ಅಕ್ಷರ ಗೊತ್ತು ಮಾಡಿ. ನಾನು 'ಪಿ'ಯಿಂದ ಶುರು ಮಾಡಿದ್ದೀನಿ, ಅಷ್ಟು ದೂರ ಬೇರೆ ಯಾವುದೂ ಬರಲ್ಲ. ಡಿಸ್ಕ್ ಮೇಲೂ ಬಿಳಿ ಟೇಪ್ ಅಂಟಿಸಿ ಅದೇ ಅಕ್ಷರ ಬರೆಯಿರಿ.

ಹೊಸ ಡಿಸ್ಕ್‌ಗೆ ಒಂದೊಂದೇ ವರ್ಷ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್ ಎಷ್ಟು, ಬೈಟ್ ಎಷ್ಟು ನೋಡಿ. ಸರಿಯಿದ್ದರೆ ಹಳೇ ಡಿಸ್ಕ್ ಕಿತ್ತು, ಲೈಟ್‌ರೂಮ್‌ನಲ್ಲಿ ಆ ವರ್ಷದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಕೊಟ್ಟು ಹೊಸ ಜಾಗ ತೋರಿಸಿ. ಒಳಗಿನವೆಲ್ಲ ಹಿಂದೆಯೇ ಬರುತ್ತವೆ, ಎಡಿಟ್ ಸಮೇತ. ಹೆಸರು ಬದಲಿಸೋದು ಆಮೇಲೆ, ಅದೂ ಲೈಟ್‌ರೂಮ್ ಒಳಗೇ. ನನ್ನ ಫೋಲ್ಡರ್ ಹೆಸರು ಈಗ '2019-05-12 ಗಂಗಾವತಿ ಮದುವೆ' ಥರ. ವರ್ಷ ಮೊದಲಿದ್ದರೆ ತಾನಾಗೇ ಸಾಲಾಗಿ ನಿಲ್ಲುತ್ತೆ.

ಡೂಪ್ಲಿಕೇಟ್ ಅಳಿಸೋ ಸಾಫ್ಟ್‌ವೇರ್ ಈಗಲೇ ಓಡಿಸಬೇಡಿ. ಯಾವುದು ಅಸಲಿ ಅಂತ ನೀವು ತೀರ್ಮಾನಿಸೋ ತನಕ ಡೂಪ್ಲಿಕೇಟೇ ನಿಮ್ಮ ರಕ್ಷಣೆ. ಅಂದ ಹಾಗೆ 4 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 3.6 ಅಂತ ತೋರಿಸುತ್ತೆ. ಲೆಕ್ಕ ಹಾಕೋ ರೀತಿ ಬೇರೆ ಅಷ್ಟೇ, ಸುಮ್ನೆ ಅಂಗಡಿಯವನ ಜೊತೆ ಜಗಳ ಆಡಬೇಡಿ.

ಡಿಸ್ಕ್ ಜೋಡಿಸದೇ ಎಡಿಟ್ ಮಾಡಬೇಕಿದ್ದರೆ ಲೈಟ್‌ರೂಮ್‌ನಲ್ಲಿ ಸ್ಮಾರ್ಟ್ ಪ್ರಿವ್ಯೂ, ಅಂದರೆ ಫೋಟೋದ ಚಿಕ್ಕ ನಕಲು, ಮಾಡಿಟ್ಟುಕೊಳ್ಳಿ. ಉದ್ದ ಬದಿ 2560 ಪಿಕ್ಸೆಲ್ ಇರುತ್ತೆ, ಬಣ್ಣ ಬೆಳಕು ತಿದ್ದೋಕೆ ಸಾಕು. ಲೈಟ್‌ರೂಮ್‌ಗೆ ದುಡ್ಡು ಕೊಡೋ ಮನಸ್ಸಿಲ್ಲ ಅಂದ್ರೆ ಡಿಜಿಕ್ಯಾಮ್ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ಉಚಿತ. ಅದರಲ್ಲೂ ಕಿತ್ತು ಜೋಡಿಸೋ ಡಿಸ್ಕ್‌ಗಳನ್ನು ಸೇರಿಸಬಹುದು.

ಒಂದು ಮಾತ್ರ ಮರೀಬೇಡಿ. ಲೈಟ್‌ರೂಮ್ ಮುಚ್ಚುವಾಗ ಬ್ಯಾಕಪ್ ಮಾಡಲಾ ಅಂತ ಕೇಳುತ್ತಲ್ಲ, ಅದು ಖಾತೆ ಪುಸ್ತಕದ ನಕಲು, ಫೋಟೋದ್ದಲ್ಲ. ಫೋಟೋಗೆ ಬೇರೆ ಡಿಸ್ಕ್ ಬೇಕು, ಅದೂ ಬೇರೆ ಮನೆಯಲ್ಲಿ. ನನ್ನ ಎರಡನೇ ಡಿಸ್ಕ್ ಅಕ್ಕನ ಮನೆಯ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗೆ. ತಿಂಗಳಿಗೊಮ್ಮೆ ಊಟದ ನೆಪದಲ್ಲಿ ಹೋಗಿ ತರುತ್ತೀನಿ.