ಲೇಸರ್‌ನಿಂದ ಹುಟ್ಟುವ ಪ್ರೋಟಾನ್ ಕಿರಣವನ್ನು ಬೇಕಾದ ಆಕಾರಕ್ಕೆ ತರಬಹುದಾ?

"ಲೇಸರ್ ಹೊಡೆದಾಗ ಬರುವ ಪ್ರೋಟಾನ್ ಕಿರಣ ಯಾಕೆ ಅಗಲವಾಗಿ ಹರಡುತ್ತದೆ? ಮುಂದೆ ಒಂದು ಅಯಸ್ಕಾಂತ ಇಟ್ಟು ಕೂಡಿಸಿದರೆ ಆಯ್ತಲ್ವಾ?" ಎಂದು ಕೇಳಿದ್ದೀರಿ. ಇಡುತ್ತಾರೆ. ಆದರೆ ಕಿರಣದ ಆಕಾರ ಬಹುಪಾಲು ಹುಟ್ಟುವ ಜಾಗದಲ್ಲೇ ತೀರ್ಮಾನ ಆಗಿರುತ್ತದೆ. ನಾನು ಧಾರವಾಡದಲ್ಲಿ ಎಂ.ಎಸ್ಸಿ ಮಾಡಿ ಈಗ ಹಾವೇರಿ ಕಡೆ ಫಿಸಿಕ್ಸ್ ಕಲಿಸುತ್ತೇನೆ. ಇಂಥ ಲೇಸರ್ ಮುಟ್ಟಿದವನಲ್ಲ, ಓದಿ ತಿಳಿದುಕೊಂಡವನು.

ಕೆಲವೇ ಮೈಕ್ರಾನ್ ದಪ್ಪದ ಲೋಹದ ಹಾಳೆ. ಅದರ ಮುಂಬದಿಗೆ ಲೇಸರ್ ಬೀಳುತ್ತದೆ. ತೀವ್ರತೆ ಎಷ್ಟು ಅಂದರೆ, ಚದರ ಸೆಂಟಿಮೀಟರಿಗೆ 1ರ ಮುಂದೆ 19 ಸೊನ್ನೆ ಇಟ್ಟಷ್ಟು ವ್ಯಾಟ್, ಕೆಲವೊಮ್ಮೆ ಇನ್ನೂ ಜಾಸ್ತಿ. ಕಾದ ಎಲೆಕ್ಟ್ರಾನ್‌ಗಳು ಹಾಳೆ ದಾಟಿ ಹಿಂದೆ ನುಗ್ಗುತ್ತವೆ. ಅಲ್ಲಿ ಮೀಟರಿಗೆ ಸುಮಾರು ಲಕ್ಷ ಕೋಟಿ ವೋಲ್ಟ್ ಎಳೆತ ಹುಟ್ಟಿ, ಪ್ರೋಟಾನ್‌ಗಳು ಕಿತ್ತುಕೊಂಡು ಹಾರುತ್ತವೆ. ಮಜಾ ಏನಂದರೆ ಅವು ಲೋಹದ್ದಲ್ಲ. ಹಾಳೆಯ ಬೆನ್ನಿಗೆ ಅಂಟಿದ ತೇವ, ಜಿಡ್ಡು ಇರುತ್ತದಲ್ಲ, ಅದರ ಹೈಡ್ರೋಜನ್‌ನಿಂದ ಬಂದವು (ಹೈಡ್ರೋಜನ್ ಪರಮಾಣುವಿನ ಬೀಜವೇ ಪ್ರೋಟಾನ್). ಕೊಳೆಯೇ ಇಲ್ಲಿ ಮಾಲು!

ಇದನ್ನು ನಾನು ತಾಡಪತ್ರಿಯಿಂದ ಅರ್ಥ ಮಾಡಿಕೊಂಡೆ. ಸಣ್ಣವನಿದ್ದಾಗ ಕಾಕಾನ ಜೊತೆ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಒಮ್ಮೆ ಅಕಾಲ ಮಳೆ ಬಂತು. ಮೆಣಸಿನಕಾಯಿ ರಾಶಿಯ ಮೇಲೆ ಕಟ್ಟಿದ ತಾಡಪತ್ರಿ ತುಂಬ ನೀರಿನ ಹನಿ. ನಾನು ಕೆಳಗೆ ನಿಂತು ಕೋಲಿನಿಂದ ನಡುವೆ ಗುದ್ದಿದೆ. "ಏ ತಮ್ಮಾ, ನಡುವ ಗುದ್ದಬ್ಯಾಡೋ, ಕಾಯಿ ತೊಯ್ತಾವ!" ಎಂದು ಕಾಕಾ ಕೂಗಿದ. ಗುದ್ದಿದ ಕಡೆ ಬಟ್ಟೆ ಉಬ್ಬಿ, ಹನಿಗಳು ಸುತ್ತಲೂ ಚೆಲ್ಲಿ ರಾಶಿಯ ಅಂಚು ತೊಯ್ದೇಬಿಟ್ಟಿತು. ಪ್ರತಿ ಹನಿಯೂ ತಾನು ಕೂತ ಜಾಗಕ್ಕೆ ನೆಟ್ಟಗೆ ಹಾರುತ್ತದೆ. ಬಟ್ಟೆ ಉಬ್ಬಿದರೆ ಚೆದುರುತ್ತದೆ, ತಗ್ಗಾಗಿದ್ದರೆ ಒಳಗೆ ಕೂಡುತ್ತದೆ.

ಹಾಳೆಯ ಹಿಂದೆಯೂ ಹೀಗೇ. ಎಲೆಕ್ಟ್ರಾನ್ ಮೋಡ ನಡುವೆ ದಟ್ಟ, ಅಂಚಿಗೆ ತೆಳು. ಹಾಗಾಗಿ ಗಂಟೆಯ ಆಕಾರ ಬಂದು, ಪ್ರೋಟಾನ್‌ಗಳು ಎರಡೂ ಕಡೆ ಸುಮಾರು 20 ಡಿಗ್ರಿವರೆಗೆ ಹರಡುತ್ತವೆ. ತಾಡಪತ್ರಿ ಹೋಲಿಕೆ ಒಂದು ಕಡೆ ಕೈಕೊಡುತ್ತದೆ: ಅಲ್ಲಿ ಕೋಲು ತಳ್ಳುತ್ತದೆ, ಇಲ್ಲಿ ಎಲೆಕ್ಟ್ರಾನ್ ಎಳೆಯುತ್ತದೆ.

ಹಾಗಾದರೆ ಹಾಳೆಯನ್ನೇ ಬಟ್ಟಲಿನ ಹಾಗೆ ಬಾಗಿಸಿದರೆ? ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಅದನ್ನೇ ಮಾಡಿದರು. ಪ್ರೋಟಾನ್‌ಗಳು ಬಟ್ಟಲಿನ ಒಳಗಡೆ ಕೂಡಿ, ಎದುರಿಗಿಟ್ಟ ಇನ್ನೊಂದು ಹಾಳೆಯನ್ನು 2 ಲಕ್ಷ ಡಿಗ್ರಿಗಿಂತ ಜಾಸ್ತಿ ಕಾಯಿಸಿದವು. ಅದು ಪ್ರಕಟವಾಗಿದ್ದು 2003ರಲ್ಲಿ. ಹಾಳೆಯ ಬೆನ್ನಿಗೆ ಸಣ್ಣ ಗೀರು ಹಾಕಿದರೆ ಆ ಗೀರಿನ ಗೆರೆಗಳು ಕಿರಣದಲ್ಲೂ ಮೂಡುತ್ತವೆ. ಅಂದರೆ ಪ್ರೋಟಾನ್‌ಗಳು ಹರಡಿದರೂ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಸೋಜಿಗ.

ಇನ್ನೊಂದು ದಾರಿ ಹಾಳೆಯ ಹಿಂದೆ ಸಣ್ಣ ತಂತಿ ಸುರುಳಿ ಅಂಟಿಸುವುದು. ಹಾಳೆಗೆ ಬಿದ್ದ ಲೇಸರ್ ಏಟಿನಿಂದಲೇ ತಂತಿಯಲ್ಲಿ ವಿದ್ಯುತ್ತಿನ ಅಲೆ ಓಡುತ್ತದೆ. ಸುರುಳಿ ಸುತ್ತಿಕೊಂಡು ಹೋಗಬೇಕಲ್ಲ, ಹಾಗಾಗಿ ಅದು ಮುಂದೆ ಸಾಗುವ ವೇಗ ಪ್ರೋಟಾನ್ ವೇಗಕ್ಕೆ ಸರಿಹೊಂದುತ್ತದೆ. ಜೊತೆಜೊತೆಗೇ ಓಡುತ್ತ ಪ್ರೋಟಾನ್‌ಗಳನ್ನು ಒಳಗೆ ಒತ್ತುತ್ತದೆ, ವೇಗವನ್ನೂ ಹೆಚ್ಚಿಸುತ್ತದೆ.

ನೀವು ಹೇಳಿದ ಅಯಸ್ಕಾಂತಕ್ಕೆ ಬರೋಣ. ತೊಂದರೆ ಇರುವುದು ಶಕ್ತಿಯಲ್ಲಿ. ಒಂದೇ ಏಟಿನಲ್ಲಿ ಕಡಿಮೆ ಶಕ್ತಿಯಿಂದ ಹಿಡಿದು ಹತ್ತಾರು ಎಂಇವಿ (ಮೆಗಾ ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿ ಅಳೆಯುವ ಮಾನ) ವರೆಗಿನ ಪ್ರೋಟಾನ್‌ಗಳು ಒಟ್ಟಿಗೆ ಬರುತ್ತವೆ. ಅಯಸ್ಕಾಂತ ಒಂದು ಶಕ್ತಿಯವನ್ನು ಸರಿಯಾಗಿ ಕೂಡಿಸಿದರೆ ಉಳಿದವು ತಪ್ಪಿಹೋಗುತ್ತವೆ. ಆದರೂ ಸುಮ್ನೆ ಬಿಟ್ಟಿಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎರಡು ಸೊಲೆನಾಯ್ಡ್‌ಗಳಿಂದ (ತಂತಿ ಸುತ್ತಿ ಮಾಡಿದ ವಿದ್ಯುತ್ ಅಯಸ್ಕಾಂತ) ಕಿರಣವನ್ನು ತಿದ್ದಿ ಇಲಿಗಳ ಕ್ಯಾನ್ಸರ್ ಗಡ್ಡೆಗೆ ಹಾಯಿಸಿದ್ದನ್ನು 2022ರಲ್ಲಿ ಪ್ರಕಟಿಸಿದರು. ಇಲಿಯ ಕಿವಿಯಲ್ಲಿದ್ದ ಗಡ್ಡೆ ಕೆಲವೇ ಮಿಲಿಮೀಟರ್ ದಪ್ಪ. ಮನುಷ್ಯನ ದೇಹದಲ್ಲಿ ಆಳಕ್ಕೆ ಇಳಿಯಲು 200 ಎಂಇವಿ ದಾಟಬೇಕಾಗುತ್ತದೆ.