ಸಣ್ಣ ಅಂಗಡಿಗೆ ಅಕೌಂಟೆಂಟ್ ಶುಲ್ಕ ಒಬ್ಬೊಬ್ಬರು ಒಂದೊಂದು ಹೇಳುವುದೇಕೆ?

ಶುಲ್ಕ ನಿಂತಿರುವುದು ವಹಿವಾಟಿನ ಮೊತ್ತಕ್ಕಿಂತ ಹೆಚ್ಚಾಗಿ ಬಿಲ್ಲುಗಳ ಸಂಖ್ಯೆ ಮತ್ತು ರಿಟರ್ನ್‌ಗಳ ಸಂಖ್ಯೆಯ ಮೇಲೆ. ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಮೂರು ತಿಂಗಳಿಗೊಂದು ಸಿಎಂಪಿ-08 (ತೆರಿಗೆ ಕಟ್ಟುವ ಹೇಳಿಕೆ), ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಅಷ್ಟೆ. ರೆಗ್ಯುಲರ್ (ಸಾಮಾನ್ಯ ಪದ್ಧತಿ) ಆದರೆ ಪ್ರತಿ ತಿಂಗಳೂ ಜಿಎಸ್‌ಟಿಆರ್-1 (ಮಾರಾಟದ ವಿವರ) ಮತ್ತು 3ಬಿ (ತೆರಿಗೆಯ ಸಾರಾಂಶ). ವಹಿವಾಟು 5 ಕೋಟಿಯೊಳಗಿದ್ದರೆ ಇವನ್ನು ತ್ರೈಮಾಸಿಕ ಮಾಡಿಕೊಳ್ಳಬಹುದು (ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು), ಕೇಳದಿದ್ದರೆ ಎಷ್ಟೋ ಅಕೌಂಟೆಂಟರು ಇದನ್ನು ಹೇಳುವುದೇ ಇಲ್ಲ.

ನಿಜವಾಗಿ ಸಮಯ ತಿನ್ನುವುದು ಖರೀದಿ ಬಿಲ್ಲುಗಳನ್ನು 2ಬಿ (ನಿಮಗೆ ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಪೋರ್ಟಲ್ ತಯಾರಿಸುವ ಪಟ್ಟಿ) ಜೊತೆ ತಾಳೆ ನೋಡುವ ಕೆಲಸ. ಬಿಲ್ಲುಗಳನ್ನು ಕವರಿನಲ್ಲಿ ತುರುಕಿ ಕೊಟ್ಟರೆ ಎಂಟ್ರಿಯ ಹಣವೂ ಸೇರುತ್ತದೆ. ತಾರೀಖು, ಜಿಎಸ್‌ಟಿಐಎನ್ (ಮಾರಿದವರ ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ ನಂಬರ್, ಮೊತ್ತ ಇವಿಷ್ಟನ್ನು ಎಕ್ಸೆಲ್‌ನಲ್ಲಿ ನೀವೇ ಹಾಕಿಕೊಟ್ಟು ದರ ಇಳಿಸಲು ಕೇಳಿ.

ಒಪ್ಪುವ ಮುನ್ನ ಆದಾಯ ತೆರಿಗೆ ರಿಟರ್ನ್, ನೋಟಿಸಿಗೆ ಉತ್ತರ ಈ ದರದಲ್ಲೇ ಸೇರಿವೆಯೇ ಎಂದು ಬರೆಸಿಕೊಳ್ಳಿ. ಶುಲ್ಕದ ಮೇಲೆ 18% ಜಿಎಸ್‌ಟಿ ಬಂದರೆ ರೆಗ್ಯುಲರ್‌ನವರಿಗೆ ಕ್ರೆಡಿಟ್ (ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿತ) ಸಿಗುತ್ತದೆ, ಕಾಂಪೊಸಿಷನ್‌ನವರಿಗಿಲ್ಲ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಮೊಬೈಲ್, ಇಮೇಲ್ ನಿಮ್ಮದೇ ಇರಲಿ. ಅಕೌಂಟೆಂಟ್‌ದು ಕೊಟ್ಟಿದ್ದರೆ ನೋಟಿಸ್ ಬಂದದ್ದೇ ನಿಮಗೆ ತಿಳಿಯುವುದಿಲ್ಲ, ಅವರನ್ನು ಬಿಡುವಾಗ ಲಾಗಿನ್ನಿಗೂ ಪರದಾಡಬೇಕು.