ಗೊರವಗಳು ಬಾರದ ಸೆಪ್ಟೆಂಬರ್

ಪ್ರಶ್ನೆ: ಏಳು ವರ್ಷಗಳಿಂದ ಒಂದೇ ಅಳಿವೆಯ ದಂಡೆಯಲ್ಲಿ ಹಕ್ಕಿಗಳನ್ನು ನೋಡಿ ಬರೆದಿಡುತ್ತಿದ್ದೇನೆ. ಈ ಸೆಪ್ಟೆಂಬರಿನ ಐದೂ ಭಾನುವಾರ ಬೆಳಿಗ್ಗೆ 7ರಿಂದ 9ರವರೆಗೆ ಅಲ್ಲಿದ್ದೆ. ಆಕಾಶ ತಿಳಿಯಾಗಿತ್ತು, ಗಾಳಿಯೂ ಹೆಚ್ಚಿರಲಿಲ್ಲ. ಕಳೆದ ವರ್ಷ ಇದೇ ತಿಂಗಳು 41 ಜಾತಿಯ ಹಕ್ಕಿಗಳು ಕಂಡಿದ್ದವು, ಈ ಸಲ 23 ಮಾತ್ರ. ಕೆಸರಿನಲ್ಲಿ ಮೇಯಲು ಬರುವ ವಲಸೆ ಹಕ್ಕಿಗಳಾದ ಗೊರವಗಳ ಹಿಂಡಂತೂ ಕಾಣಲೇ ಇಲ್ಲ. ಹಕ್ಕಿಗಳು ನಿಜವಾಗಿಯೂ ಕಡಿಮೆಯಾಗಿವೆಯೇ? ಇಂಥ ಪಟ್ಟಿಯನ್ನು ಹಕ್ಕಿ ವೀಕ್ಷಕರು ದಾಖಲೆ ಸೇರಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿ ಪ್ರಯೋಜನವಿದೆಯೇ?

ಉತ್ತರ: ವರ್ಷವಿಡೀ ಕಾದ ತಿಂಗಳು ಹೀಗೆ ಬರಿದಾಗಿ ಹೋದಾಗ ಆಗುವ ಬೇಸರ ನನಗೂ ಗೊತ್ತು. ಆದರೆ ನಿಮ್ಮ ಪತ್ರದಲ್ಲಿ ನೀವು ಅನುಕೂಲವೆಂದು ಬರೆದಿರುವ ಎರಡು ಸಂಗತಿಗಳೇ, ಅಂದರೆ ತಿಳಿಯಾದ ಆಕಾಶ ಮತ್ತು ತಪ್ಪದೆ ಪಾಲಿಸಿದ ಭಾನುವಾರದ ಹೊತ್ತು, ನಿಮಗೆ ಅಡ್ಡಿಯಾಗಿರಬಹುದು.

ಮೊದಲು ಉಬ್ಬರದ ವಿಷಯ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುವ ಕರಾವಳಿಯಲ್ಲಿ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಈ ಅಂತರ ಆರು ಗಂಟೆಯ ಹತ್ತಿರಕ್ಕೆ ಬರುವುದರಿಂದ, ಒಂದು ಭಾನುವಾರ ಎಂಟು ಗಂಟೆಗೆ ತುಂಬು ಉಬ್ಬರವಿದ್ದರೆ ಮುಂದಿನ ಭಾನುವಾರ ಅದೇ ಎಂಟು ಗಂಟೆಗೆ ಪೂರ್ಣ ಇಳಿತವಿರುತ್ತದೆ. ಇಳಿತದಲ್ಲಿ ಗೊರವಗಳು ದೂರದ ಕೆಸರಿನ ಬಯಲಿನುದ್ದಕ್ಕೂ ಚದುರಿ ಮೇಯುತ್ತವೆ, ದೂರದರ್ಶಕದಲ್ಲಿ (ಸ್ಕೋಪ್) ನೋಡಿದರೂ ಅವು ಕಂದು ಚುಕ್ಕೆಗಳಷ್ಟೇ. ತುಂಬು ಉಬ್ಬರದಲ್ಲಿ ಮೇವಿನ ನೆಲವೇ ಮುಳುಗಿ, ಅವು ಯಾವುದೋ ಮರಳುದಿಬ್ಬಕ್ಕೋ ಉಪ್ಪಿನ ಗದ್ದೆಗೋ ಹೋಗಿ ಸಾಲಾಗಿ ಕೂತಿರುತ್ತವೆ. ನಿಮಗೆ ಬೇಕಾಗಿದ್ದು ಇವೆರಡರ ನಡುವಿನ, ನೀರು ಏರುತ್ತ ಹಿಂಡನ್ನು ದಡದ ಕಡೆಗೆ ದೂಡುವ ಎರಡು ಗಂಟೆ. ಐದು ಭಾನುವಾರಗಳಲ್ಲಿ ಒಂದರಲ್ಲೂ ಅದು ಸಿಗದೆ ಹೋಗುವುದು ಸಾಧ್ಯ. ತಿಥಿಗಳು ವರ್ಷಕ್ಕೆ ಸುಮಾರು 11 ದಿನ ಸರಿಯುವುದರಿಂದ, ಕಳೆದ ವರ್ಷದ ಭಾನುವಾರಗಳ ನೀರಿನ ಮಟ್ಟವೇ ಬೇರೆ, ಈ ವರ್ಷದ್ದೇ ಬೇರೆ. ಹಳೆಯ ಟಿಪ್ಪಣಿಗಳ ಪಕ್ಕದಲ್ಲಿ ಆಯಾ ದಿನದ ಉಬ್ಬರದ ಹೊತ್ತನ್ನು ಬರೆದು, ಆಮೇಲೆ 41ನ್ನೂ 23ನ್ನೂ ಹೋಲಿಸಿ ನೋಡಿ.

ಹವಾಮಾನದ ಮಾತೂ ಹೀಗೆಯೇ. ತಿಳಿಯಾದ ರಾತ್ರಿಯಲ್ಲಿ ಬೆನ್ನ ಹಿಂದಿನ ಗಾಳಿ ಸಿಕ್ಕ ವಲಸೆ ಹಕ್ಕಿ ನಮ್ಮ ದಂಡೆಯಲ್ಲಿ ಇಳಿಯುವ ಅಗತ್ಯವೇ ಇರುವುದಿಲ್ಲ. 2022ರ ಅಕ್ಟೋಬರಿನಲ್ಲಿ ಉಪಗ್ರಹ ಟ್ಯಾಗ್ ಹೊತ್ತ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವ ಜಾತಿಯ ಹಕ್ಕಿಯೊಂದು, ಅದೇ ಬೇಸಿಗೆಯಲ್ಲಿ ಹುಟ್ಟಿದ ಮರಿ, ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿಲೋಮೀಟರನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿತು. ಹಕ್ಕಿಗಳನ್ನು ನೆಲಕ್ಕಿಳಿಸುವುದು ಎದುರುಗಾಳಿ, ಮಳೆ, ಮಂಜು. ಕಡಲಹಕ್ಕಿಗಳನ್ನು ದಡಕ್ಕೆ ತರುವುದು ಕಡಲಿನಿಂದ ಬೀಸುವ ಜೋರು ಗಾಳಿ. ನಿಮ್ಮ ಸೆಪ್ಟೆಂಬರಿನಲ್ಲಿ ಇವು ಯಾವುವೂ ಇರಲಿಲ್ಲ.

ಹಾಗೆಂದು ನಿಮ್ಮ ಮೊದಲ ಪ್ರಶ್ನೆಯನ್ನು ತಳ್ಳಿಹಾಕಲಾರೆ. ದಕ್ಷಿಣ ಕೊರಿಯಾದ ಸೇಮಾಂಗಮ್‌ನಲ್ಲಿ 2006ರಲ್ಲಿ 33 ಕಿಲೋಮೀಟರ್ ಉದ್ದದ ಕಡಲಗೋಡೆ ಪೂರ್ಣಗೊಂಡು ವಿಶಾಲವಾದ ಕೆಸರುಬಯಲಿಗೆ ಉಬ್ಬರದ ನೀರು ಬರುವುದು ನಿಂತಾಗ, ವಲಸೆಯ ದಾರಿಯಲ್ಲಿ ಅಲ್ಲಿ ತಂಗುತ್ತಿದ್ದ ಗ್ರೇಟ್ ನಾಟ್ ಎಂಬ ಗೊರವಗಳು ಬೇರೆಡೆ ನೆಲೆ ಕಂಡುಕೊಳ್ಳಲಿಲ್ಲ, ಅವು ವಲಸೆ ಹೋಗುವ ಆಸ್ಟ್ರೇಲಿಯಾದ ಎಣಿಕೆಗಳಲ್ಲೂ ಅವುಗಳ ಸಂಖ್ಯೆ ಕುಗ್ಗಿತು. ಆ ಜಾತಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಇದು ನಿಜವಾದ ಕುಸಿತ, ಆದರೆ ಇಂಥದ್ದು ಒಬ್ಬರ ಒಂದು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ನಡುವೆ ಇನ್ನೊಂದು ಕಾರಣವೂ ಇರುತ್ತದೆ. ಗೊರವಗಳು ಮರಿ ಮಾಡುವ ಸೈಬೀರಿಯಾದ ತುಂಡ್ರಾ ಎಂಬ ಮರಗಳಿಲ್ಲದ ಶೀತ ಬಯಲಿನಲ್ಲಿ ಲೆಮಿಂಗ್ ಇಲಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಹೇರಳವಾಗಿ, ಮರುವರ್ಷ ತೀರಾ ಕಡಿಮೆಯಾಗುತ್ತವೆ. ಆಗ ಲೆಮಿಂಗ್‌ಗಳನ್ನೇ ನೆಚ್ಚಿಕೊಂಡಿದ್ದ ಆರ್ಕ್ಟಿಕ್ ನರಿಗಳು ಹಸಿದು ಗೊರವಗಳ ಮೊಟ್ಟೆ ಮರಿಗಳನ್ನು ತಿನ್ನುವುದರಿಂದ, ಆ ಶರತ್ಕಾಲದಲ್ಲಿ ಮರಿಗಳು ದಕ್ಷಿಣಕ್ಕೆ ಬರುವುದೇ ವಿರಳ.

ಇದನ್ನು ನೀವೇ ಪರೀಕ್ಷಿಸಬಹುದು. ಗೊರವಗಳಲ್ಲೊಂದಾದ ಕರ್ಲ್ಯೂ ಸ್ಯಾಂಡ್‌ಪೈಪರ್ ಕಂಡರೆ ಅದರ ಬೆನ್ನನ್ನು ನಿಧಾನವಾಗಿ ನೋಡಿ. ಮರಿಯಾದರೆ ಒಂದೊಂದು ಗರಿಗೂ ತೆಳುವಾದ ಬಿಳಿಯಂಚು ಇದ್ದು, ಬೆನ್ನೆಲ್ಲ ಮೀನಿನ ಪೊರೆ ಜೋಡಿಸಿದಂತೆ ಅಚ್ಚುಕಟ್ಟಾಗಿ ಕಾಣುತ್ತದೆ. ಎದೆಯಲ್ಲಿ ತಿಳಿ ಪೀಚ್ ಹಣ್ಣಿನ ಬಣ್ಣದ ಛಾಯೆ ಇರುತ್ತದೆ. ವಯಸ್ಕ ಹಕ್ಕಿಯ ಗರಿಗಳು ಸವೆದು, ಹೊಟ್ಟೆಯ ಮೇಲೆ ಬೇಸಿಗೆಯ ಇಟ್ಟಿಗೆಗೆಂಪು ತೇಪೆತೇಪೆಯಾಗಿ ಉಳಿದಿರುತ್ತದೆ. ವಯಸ್ಕ ಹಕ್ಕಿಗಳು ಮೊದಲು ಬರುತ್ತವೆ, ಮರಿಗಳು ವಾರಗಳ ನಂತರ, ಆದ್ದರಿಂದ ಅಕ್ಟೋಬರಿನಲ್ಲಿಯೂ ಬಿಡದೆ ಹೋಗಿ.

ಪಟ್ಟಿಯನ್ನು ಖಂಡಿತ ಸೇರಿಸಿ. ಜನರು ಹಕ್ಕಿ ಸಿಕ್ಕ ದಿನ ಮಾತ್ರ ಬರೆದರೆ, ಕುಸಿತವಾದಾಗಲೂ ದಾಖಲೆಯಲ್ಲಿ ಅದು ಕಾಣುವುದೇ ಇಲ್ಲ. ಕಂಡ ಎಲ್ಲ ಜಾತಿಗಳ ಪೂರ್ಣ ಪಟ್ಟಿ ಎಂದು ಗುರುತಿಸಿ, ‘ಕೆಲವು’ ಎಂದು ಬರೆಯದೆ ಸಂಖ್ಯೆ ಕೊಡಿ, ಟಿಪ್ಪಣಿಯಲ್ಲಿ ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದನ್ನೂ ಗಾಳಿ ಬೀಸುತ್ತಿದ್ದ ದಿಕ್ಕನ್ನೂ ನಮೂದಿಸಿ.